ಲಾರಿ ಮೇಸ್ತ್ರಿಗೆ ಕೇಳಿ: ತಿರುಗದ ಫ್ಯಾನ್, ನಿಲ್ಲದ ಫ್ಯಾನ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ ಇವೆ. ಗಾಡಿ ಹೀಟ್ ಆಗುತ್ತಿದೆ, ಇಲ್ಲವೇ ಫ್ಯಾನಿನ ಸದ್ದು ನಿಲ್ಲುತ್ತಿಲ್ಲ. ಬಿಸಿಲು ಕಾಲ, ಅಲ್ವಾ? ಪೀಣ್ಯದಲ್ಲಿರುವ ನಮ್ಮ ಗ್ಯಾರೇಜಿಗೂ ಈಗ ಇದೇ ದೂರು ಹೊತ್ತ ಲಾರಿಗಳು ಬರುತ್ತಿವೆ. ಹಾಗಾಗಿ ಬ್ರೇಕು, ಗೇರ್‌ಬಾಕ್ಸಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಡೀ ಅಂಕಣವನ್ನು ಫ್ಯಾನಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಸ್ತ್ರಿಗಳೇ, ನಮಸ್ಕಾರ. ನನ್ನದು ಹನ್ನೆರಡು ಚಕ್ರದ ಬಿಎಸ್-4 (ಹಿಂದಿನ ಹೊಗೆ ನಿಯಮದ) ಲಾರಿ. ರಾತ್ರಿ ತುಮಕೂರು ಹೈವೇಯಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಅರ್ಧ ದಾಟುವುದಿಲ್ಲ. ಆದರೆ ಜಾಲಹಳ್ಳಿ ಕ್ರಾಸಿನಿಂದ ಗೊರಗುಂಟೆಪಾಳ್ಯದವರೆಗೆ ಜಾಮಿನಲ್ಲಿ ಸಿಕ್ಕಿಕೊಂಡರೆ ಮುಳ್ಳು ಕೆಂಪಿಗೆ ಹೋಗುತ್ತದೆ. ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಬದಲಿಸಿ ಅಂತಾರೆ. ಇನ್ನೊಬ್ಬರು ಫ್ಯಾನ್ ಕ್ಲಚ್ ಅಂತಾರೆ. ಯಾವುದಕ್ಕೆ ದುಡ್ಡು ಹಾಕಲಿ?
– ಲಾರಿ ಮಾಲೀಕರು, ದಾಬಸ್‌ಪೇಟೆ

ಉತ್ತರ: ಸದ್ಯಕ್ಕೆ ಯಾವುದಕ್ಕೂ ಹಾಕಬೇಡಿ. ಎಲ್ಲಿ ಹೀಟ್ ಆಗುತ್ತದೆ, ಎಲ್ಲಿ ಆಗುವುದಿಲ್ಲ ಅಂತ ನೀವು ಬರೆದಿದ್ದೀರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಗಾಡಿ 60ರ ವೇಗದಲ್ಲಿ ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರಿಗೆ ನುಗ್ಗುತ್ತದೆ. ಆಗ ಫ್ಯಾನಿಗೆ ಹೆಚ್ಚು ಕೆಲಸ ಇರುವುದಿಲ್ಲ. ಜಾಮಿನಲ್ಲಿ ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ. ಹಾಗಾಗಿ ನಿಂತಾಗ ಮಾತ್ರ ಹೀಟ್ ಆಗುವ ಗಾಡಿಯಲ್ಲಿ ಮೊದಲು ಗಾಳಿಯ ದಾರಿ ನೋಡಬೇಕು. ಫ್ಯಾನ್, ಅದನ್ನು ಬೇಕಾದಾಗ ಪುಲ್ಲಿಗೆ ಹಿಡಿಸಿ ಬೇಡವಾದಾಗ ಬಿಡುವ ಕ್ಲಚ್, ಬೆಲ್ಟ್, ರೇಡಿಯೇಟರಿನ ಹೊರಮೈ. ಲೋಡ್ ಹಾಕಿ ಹೈವೇಯಲ್ಲಿ ಎಳೆಯುವಾಗಲೂ ಹೀಟ್ ಆದರೆ ಅದು ಹೆಚ್ಚಾಗಿ ನೀರಿನ ದಾರಿಯ ತೊಂದರೆ. ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ಥರ್ಮೋಸ್ಟಾಟ್, ವಾಟರ್ ಪಂಪ್, ಒಳಗೆ ಕಟ್ಟಿಕೊಂಡ ರೇಡಿಯೇಟರ್. ನಮ್ಮ ಗ್ಯಾರೇಜಿನಲ್ಲಿ ಗಾಡಿ ಬಂದ ಕೂಡಲೇ ಡ್ರೈವರಿಗೆ ಕೇಳುವ ಮೊದಲ ಪ್ರಶ್ನೆಯೇ "ಎಲ್ಲಿ ಹೀಟ್ ಆಯ್ತು?" ಅಂತ. ಸ್ಪ್ಯಾನರ್ ಆಮೇಲೆ.

ನಿಜವಾಗಿ ಹೀಟ್ ಆಗುತ್ತಿದೆಯಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಮುಳ್ಳನ್ನೇ ನಂಬಬೇಡಿ. ದೂರದಿಂದ ಶಾಖ ಅಳೆಯುವ ಥರ್ಮಾಮೀಟರ್ ಗನ್ ಈಗ ಸುಲಭವಾಗಿ ಸಿಗುತ್ತದೆ. ಮುಳ್ಳು ಕೆಂಪಿನಲ್ಲಿದ್ದಾಗ ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಅದನ್ನು ಹಿಡಿಯಿರಿ. ಗನ್ನು 85–90 ಡಿಗ್ರಿ ತೋರಿಸಿದರೆ ಎಂಜಿನ್ ಸರಿಯಾಗಿದೆ, ಸೆನ್ಸರೋ ಅರ್ಥ್ ವೈರೋ ಕೆಟ್ಟಿದೆ. ಅರ್ಥ್ ವೈರ್ ಒಂದು ಸಡಿಲವಾಗಿ ರೇಡಿಯೇಟರ್ ಬದಲಿಸಿಕೊಂಡ ಮಾಲೀಕರನ್ನು ನಾನು ನೋಡಿದ್ದೇನೆ. ಮನಸ್ಸಿಗೆ ತುಂಬಾ ಬೇಜಾರಾಗುತ್ತದೆ.

ನಿಜವಾಗಿಯೂ ಹೀಟ್ ಇದ್ದರೆ, ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಬಿನ್ ಎತ್ತಿ. ಕ್ಯಾಬಿನ್ ಲಾಕ್ ಬಿತ್ತಾ ನೋಡಿ. ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ. ನೀವು ಫ್ಯಾನಿಗೆ ಕೈ ಹಾಕಿದಾಗ ಕ್ಲೀನರ್ ಹುಡುಗ ಗೊತ್ತಿಲ್ಲದೆ ಸ್ಟಾರ್ಟ್ ಮಾಡಬಾರದು. ಹೆಗಲ ಮೇಲಿನ ಟವೆಲ್ ತೆಗೆದಿಡಿ.

ನಿಮ್ಮ ಗಾಡಿಯಲ್ಲಿರುವುದು ಬಹುಶಃ ಹಳೇ ಮಾದರಿಯ ವಿಸ್ಕಸ್ ಫ್ಯಾನ್. ಕ್ಲಚ್ಚಿನ ಮುಖದ ಮೇಲೆ ಸುರುಳಿ ಸುತ್ತಿದ ಸಣ್ಣ ಪಟ್ಟಿ ಇದ್ದರೆ ಅದೇ. ಒಳಗೆ ಜೇನುತುಪ್ಪದ ಹಾಗೆ ಮಂದವಾದ ಸಿಲಿಕೋನ್ ಎಣ್ಣೆ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಸುರುಳಿ ಪಟ್ಟಿ ತಿರುಚಿಕೊಂಡು ಒಳಗಿನ ಬಾಗಿಲು ತೆರೆಯುತ್ತದೆ. ಎಣ್ಣೆ ಎರಡು ತಟ್ಟೆಗಳ ನಡುವೆ ಬಂದು ಕೂರುತ್ತದೆ. ಆಗ ಫ್ಯಾನ್ ಪುಲ್ಲಿಯನ್ನು ಹಿಡಿದುಕೊಂಡು ಜೋರಾಗಿ ತಿರುಗುತ್ತದೆ. ಗಾಳಿ ತಣ್ಣಗಾದರೆ ಎಣ್ಣೆ ವಾಪಸ್, ಫ್ಯಾನ್ ನಿಧಾನ.

ಈಗ ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿ ಸಿಗಬೇಕು. ಕೈ ಬಿಟ್ಟ ಕೂಡಲೇ ನಿಲ್ಲಬೇಕು. ತಳ್ಳಿದರೆ ಸುಮ್ನೆ ಸುತ್ತುತ್ತಲೇ ಇದ್ದರೆ ಒಳಗಿನ ಎಣ್ಣೆ ಸೋರಿ ಹೋಗಿದೆ ಅಂತ. ಕ್ಲಚ್ಚಿನ ಮೈ ಮೇಲೆ ನಡುವಿನಿಂದ ಅಂಚಿನ ಕಡೆಗೆ ಗೆರೆ ಎಳೆದ ಹಾಗೆ ಎಣ್ಣೆ ಮೆತ್ತಿ, ಅದಕ್ಕೆ ಧೂಳು ಅಂಟಿದೆಯಾ ನೋಡಿ. ಇದ್ದರೆ ಅನುಮಾನವೇ ಬೇಡ, ಕ್ಲಚ್ ಹೋಗಿದೆ. ಇಷ್ಟಕ್ಕೂ ಜಗ್ಗದೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಒಳಗೆ ಕಚ್ಚಿಕೊಂಡಿದೆ. ಬ್ಲೇಡಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಪರವಾಗಿಲ್ಲ. ಟಕ್ ಟಕ್ ಅಂತ ಸದ್ದು ಬಂದರೆ ಬೇರಿಂಗ್ ಸವೆದಿದೆ. ಆ ಬೇರಿಂಗ್ ಕ್ಲಚ್ಚಿನದೋ ವಾಟರ್ ಪಂಪಿನದೋ ಅಂತಲೂ ನೋಡಿಕೊಳ್ಳಿ. ಕೆಲವು ಎಂಜಿನ್‌ಗಳಲ್ಲಿ ಫ್ಯಾನ್ ಕೂತಿರುವುದು ಪಂಪಿನ ಶಾಫ್ಟಿನ ಮೇಲೆಯೇ.

ಕ್ಲಚ್ ಸರಿ ಇದ್ದರೆ ಬೆಲ್ಟಿಗೆ ಬನ್ನಿ. ಒಳಮೈ ಗಾಜಿನ ಹಾಗೆ ಮಿನುಗುತ್ತಿದ್ದರೆ ಜಾರುತ್ತಿದೆ. ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ ಕಿರ್ ಅಂತ ಕೂಗಿದರೂ ಅದೇ ಲೆಕ್ಕ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಸ್ಪ್ರಿಂಗ್ ಸೋತಿರಬಹುದು.

ಆಮೇಲೆ ಟಾರ್ಚ್ ಹಿಡಿದು ಇಂಟರ್‌ಕೂಲರಿಗೂ (ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಂಪು ಮಾಡುವ ಜಾಲರಿ) ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ನೋಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ ಮುಂದಿನಿಂದ ನೋಡಿದಾಗ ಎಲ್ಲವೂ ಕ್ಲೀನಾಗಿ ಕಾಣುತ್ತದೆ. ಕಸ ಕೂರುವುದು ಒಳಗಿನ ಸಂದಿಯಲ್ಲಿ. ಯಶವಂತಪುರದ ಎಪಿಎಂಸಿಗೆ ಓಡುವ ಗಾಡಿಗಳಲ್ಲಿ ಹೊಟ್ಟು, ಗೋಣಿ ನಾರು. ಜಲ್ಲಿ, ಸಿಮೆಂಟ್ ಹೊರುವ ಗಾಡಿಗಳಲ್ಲಿ ಗಟ್ಟಿಯಾದ ಧೂಳು. ಎಂಜಿನ್ನಿಂದ ಸ್ವಲ್ಪ ಆಯಿಲ್ ಹಬೆ ಸೇರಿದರಂತೂ ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ. ತೊಳೆಯುವಾಗ ನೀರು ಫ್ಯಾನ್ ಕಡೆಯಿಂದ ಹೊರಕ್ಕೆ ಹೋಗಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪನ್ನು ಹತ್ತಿರ ಹಿಡಿಯಲು ಬಿಡಬೇಡಿ. ರೆಕ್ಕೆಗಳು ಮಡಚಿಕೊಂಡರೆ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಕ್ಲಚ್ಚಿನ ಮುಖಕ್ಕೂ ಜೋರು ನೀರು ಬೀಳಬಾರದು.

ಇನ್ನೊಂದು ಮಾತು ಇದೆ. ಸುರುಳಿ ಪಟ್ಟಿಗೆ ನೀರಿನ ಬಿಸಿ ಗೊತ್ತಾಗುವುದಿಲ್ಲ. ತನ್ನ ಮುಖಕ್ಕೆ ಬಡಿಯುವ ಗಾಳಿಯ ಬಿಸಿ ಮಾತ್ರ ಗೊತ್ತಾಗುತ್ತದೆ. ರೇಡಿಯೇಟರಿನ ನಡುಭಾಗ ಒಳಗೆ ಉಪ್ಪು ಕಟ್ಟಿ ಮುಚ್ಚಿಹೋಗಿದ್ದರೆ ಅಲ್ಲಿ ಬಿಸಿ ನೀರು ಹರಿಯುವುದೇ ಇಲ್ಲ. ದಾಟಿ ಬರುವ ಗಾಳಿ ತಣ್ಣಗೇ ಇರುತ್ತದೆ. ಎಂಜಿನ್ನಿನಲ್ಲಿ ನೀರು ಕುದಿಯುತ್ತಿದ್ದರೂ ಫ್ಯಾನ್ ಹಿಡಿಯುವುದಿಲ್ಲ. ಹೊಸ ಕ್ಲಚ್ ಹಾಕಿದರೂ ಹಿಡಿಯುವುದಿಲ್ಲ. ಇಂಥ ಗಾಡಿಯಲ್ಲಿ ಫ್ಯಾನ್ ತಪ್ಪು ಮಾಡಿಲ್ಲ. ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ. ಕ್ಲಚ್ ಚೆನ್ನಾಗಿದೆ ಅನ್ನಿಸಿದರೂ ಫ್ಯಾನ್ ಹಿಡಿಯದಿದ್ದರೆ ಥರ್ಮಾಮೀಟರ್ ಗನ್ನನ್ನು ರೇಡಿಯೇಟರಿನ ಮೇಲೆ, ನಡುವೆ, ಕೆಳಗೆ, ಎರಡೂ ಬದಿಗೆ ಹಿಡಿದು ನೋಡಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ನಿಧಾನವಾಗಿ ಇಳಿಯಬೇಕು. ನಡುವೆ ಎಲ್ಲೋ ಒಂದು ಜಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ಕಟ್ಟಿಕೊಂಡಿದೆ. ಬೋರ್‌ವೆಲ್ ನೀರು ಸುರಿದ ಗಾಡಿಗಳಲ್ಲಿ ಇದು ಸಾಮಾನ್ಯ. ನಮ್ಮ ಕಡೆಯ ಬೋರ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಎಂಜಿನ್ ತಂಪು ಮಾಡುವ ದ್ರವ ಕೂಲೆಂಟನ್ನು ಕಂಪನಿ ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿನ ಜೊತೆ ಬೆರೆಸಿ ಹಾಕಿ.

ಇಷ್ಟೂ ನೋಡಿದ ಮೇಲೆ ದುಡ್ಡು ಯಾವುದಕ್ಕೆ ಅಂತ ಗಾಡಿಯೇ ಹೇಳುತ್ತದೆ. ನೀವು ಬರೆದ ಲಕ್ಷಣಕ್ಕೆ ನನ್ನ ಅನುಮಾನ ಮೊದಲು ಸಂದಿಯ ಕಸದ ಮೇಲೆ, ಆಮೇಲೆ ಕ್ಲಚ್ಚಿನ ಮೇಲೆ. ಹೊಸ ರೇಡಿಯೇಟರಿನ ಮಾತು ಕೊನೆಗೆ.

ಪ್ರಶ್ನೆ: ಅಣ್ಣಾ, ನಾನು ಬಿಎಸ್-6 (ಹೊಸ ಹೊಗೆ ನಿಯಮದ) ಟ್ರೇಲರ್ ಓಡಿಸುವ ಡ್ರೈವರ್. ಅತ್ತಿಬೆಲೆ ದಾಟಿ ಕೃಷ್ಣಗಿರಿ ಕಡೆಗೆ ದಿನಾ ಓಡಾಟ. ಫ್ಯಾನ್ ಯಾವಾಗಲೂ ಭೋರ್ ಅಂತ ತಿರುಗುತ್ತಲೇ ಇರುತ್ತದೆ. ಮುಳ್ಳು ಅರ್ಧದಲ್ಲೇ ಇದೆ. ಡೀಸೆಲ್ ಜಾಸ್ತಿ ಕುಡಿಯುತ್ತಿದೆ, ಓನರ್ ನನ್ನ ಮೇಲೆ ಅನುಮಾನ ಪಡುತ್ತಿದ್ದಾರೆ. ಫ್ಯಾನ್ ಕ್ಲಚ್ ಬದಲಿಸಬೇಕಾ?
– ಚಾಲಕರು, ಅತ್ತಿಬೆಲೆ

ಉತ್ತರ: ತಮ್ಮಾ, ಈ ಉತ್ತರವನ್ನು ನಿಮ್ಮ ಓನರಿಗೆ ತೋರಿಸಿ. ಡೀಸೆಲ್ ಜಾಸ್ತಿ ಹೋಗಲು ಇದು ಪಕ್ಕಾ ಕಾರಣ ಆಗಬಹುದು. ಫ್ಯಾನಿನ ಲೆಕ್ಕ ಹೀಗಿದೆ: ವೇಗ ಎರಡರಷ್ಟಾದರೆ ಅದನ್ನು ತಿರುಗಿಸಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಬೇಕಿಲ್ಲದಾಗಲೂ ಪೂರ್ತಿ ವೇಗದಲ್ಲಿ ತಿರುಗುವ ಫ್ಯಾನ್, ಚಕ್ರಕ್ಕೆ ಹೋಗಬೇಕಾದ ಶಕ್ತಿಯನ್ನು ದಾರಿ ಉದ್ದಕ್ಕೂ ತಿನ್ನುತ್ತಿರುತ್ತದೆ. ಚಾಲಕನ ಕಾಲಿನ ತಪ್ಪು ಅಂತ ಹೇಳುವ ಮುಂಚೆ ಇದನ್ನು ನೋಡಲೇಬೇಕು.

ಆದರೆ ಕ್ಲಚ್ ಬದಲಿಸಲು ಓಡಬೇಡಿ. ನಿಮ್ಮ ಗಾಡಿಯ ಫ್ಯಾನ್ ತಾನಾಗಿ ನಿರ್ಧಾರ ಮಾಡುವುದಿಲ್ಲ. ಬಿಎಸ್-6 ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಲೆಕ್ಟ್ರಾನಿಕ್ ವಿಸ್ಕಸ್ ಕ್ಲಚ್. ಎಷ್ಟು ತಿರುಗಬೇಕು ಅಂತ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೇಳುತ್ತದೆ, ಕ್ಲಚ್ಚಿನ ಒಳಗಿನ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ಕಾಯಿಲ್) ಎಣ್ಣೆಯ ಬಾಗಿಲನ್ನು ಅಷ್ಟೇ ತೆರೆಯುತ್ತದೆ. ಎಷ್ಟು ತಿರುಗಿತು ಅಂತ ಒಂದು ಸ್ಪೀಡ್ ಸೆನ್ಸರ್ ವಾಪಸ್ ವರದಿ ಕೊಡುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ಫ್ಯಾನಿಗೆ ತಿರುಗು ಅಂತ ಹೇಳಿದವರು ಯಾರು?

ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ಬರೀ ಕೋಡ್ ಓದಿ ಅಳಿಸಿ ಕಳಿಸುವವರ ಹತ್ತಿರ ಬೇಡ. ಲೈವ್ ಡೇಟಾ ತೋರಿಸಿ ಅಂತ ಕೇಳಿ. ಅದರಲ್ಲಿ ಎರಡು ಸಾಲು ಅಕ್ಕಪಕ್ಕ ಬೇಕು: ಇಸಿಎಂ ಕೇಳಿದ ಫ್ಯಾನ್ ವೇಗ, ನಿಜವಾದ ಫ್ಯಾನ್ ವೇಗ. ಇಸಿಎಂ ಕಡಿಮೆ ಕೇಳುತ್ತಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ತೊಂದರೆ ಕ್ಲಚ್ಚಿನಲ್ಲಿ ಅಥವಾ ಅದರ ವೈರಿನಲ್ಲಿ. ಇಸಿಎಂ ತಾನೇ ಪೂರ್ತಿ ಕೇಳುತ್ತಿದ್ದರೆ ಕ್ಲಚ್ ಅದರ ಮಾತು ಪಾಲಿಸುತ್ತಿದೆ ಅಷ್ಟೇ. ಹೊಸ ಕ್ಲಚ್ ಹಾಕಿದರೂ ಅದೇ ಸದ್ದು ಬರುತ್ತದೆ. ಈ ಎರಡು ಸಾಲು ನೋಡದೆ ದುಬಾರಿ ಕ್ಲಚ್ ಬದಲಿಸಿ, ಸದ್ದು ನಿಲ್ಲದೆ, ಕೊನೆಗೆ ನಮ್ಮಲ್ಲಿಗೆ ಬಂದ ಗಾಡಿಗಳು ಇವೆ.

ಇಸಿಎಂ ಯಾಕೆ ಕೇಳುತ್ತದೆ? ಕೂಲೆಂಟ್ ಬಿಸಿ ಒಂದೇ ಕಾರಣ ಅಲ್ಲ. ಇಂಟರ್‌ಕೂಲರ್ ದಾಟಿದ ಗಾಳಿ ಬಿಸಿಯಾಗಿದ್ದರೂ ಕೇಳುತ್ತದೆ. ಎಸಿ ಗ್ಯಾಸಿನ ಒತ್ತಡ ಏರಿದರೆ ಕೇಳುತ್ತದೆ. ರಿಟಾರ್ಡರ್ (ಇಳಿಜಾರಿನಲ್ಲಿ ಗಾಡಿಯ ವೇಗ ತಗ್ಗಿಸುವ ಹೆಚ್ಚುವರಿ ಬ್ರೇಕು) ಇರುವ ಗಾಡಿಗಳಲ್ಲಿ ಅದನ್ನು ಎಳೆದಾಗ ಕೇಳುತ್ತದೆ, ಯಾಕೆಂದರೆ ರಿಟಾರ್ಡರಿನ ಬಿಸಿಯೂ ಕೂಲೆಂಟಿಗೇ ಬರುತ್ತದೆ. ಯಾವುದಾದರೂ ಸೆನ್ಸರ್ ಸತ್ತರೆ ಇಸಿಎಂಗೆ ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ಗೊತ್ತಾಗುವುದಿಲ್ಲ. ಆಗ ಎಂಜಿನ್ ಉಳಿಸಲು ಫ್ಯಾನನ್ನು ಪೂರ್ತಿ ಓಡಿಸುತ್ತದೆ. ಕ್ಲಚ್ಚಿನ ವೈರ್ ಕಡಿದರೂ ಹೆಚ್ಚಿನ ಮಾದರಿಗಳಲ್ಲಿ ಫ್ಯಾನ್ ಪೂರ್ತಿ ಹಿಡಿದುಕೊಳ್ಳುತ್ತದೆ. ಹಾಗೆಯೇ ಮಾಡಿಟ್ಟಿದ್ದಾರೆ, ದಾರಿಯಲ್ಲಿ ಎಂಜಿನ್ ಸುಡಬಾರದು ಅಂತ.

ನಿಮಗೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಫ್ಯಾನ್ ಭೋರ್ ಅನ್ನುವಾಗ ಎಸಿ ಆಫ್ ಮಾಡಿ ಒಂದೆರಡು ನಿಮಿಷ ಕಾಯಿರಿ. ಸದ್ದು ಇಳಿದರೆ ದಾರಿ ಎಸಿ ಕಡೆಗೆ ಹೋಗುತ್ತದೆ. ಗ್ಯಾಸ್ ಜಾಸ್ತಿ ತುಂಬಿರಬಹುದು. ಎಸಿ ಗ್ಯಾಸನ್ನು ತಂಪು ಮಾಡುವ ಜಾಲರಿ, ಅಂದರೆ ಕಂಡೆನ್ಸರ್ ಮೇಲೆ ಧೂಳು ಕೂತಿರಬಹುದು. ಇಲ್ಲವೇ ಒತ್ತಡದ ಸೆನ್ಸರ್ ಕೆಟ್ಟಿರಬಹುದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗಿದೆ. ಚಾಲಕರಿಗೆ ಇದು ಬರಬೇಕಾದ ಸವಲತ್ತೇ, ನನಗೆ ತುಂಬಾ ಸಂತೋಷ. ಆದರೆ ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ ಬಂತು ಅನ್ನುವುದನ್ನು ಮೆಕ್ಯಾನಿಕ್‌ಗಳು ನೆನಪಿಡಬೇಕು. ಕಂಡೆನ್ಸರ್ ತೊಳೆಯದೆ ಫ್ಯಾನಿನ ದೂರು ನೋಡುವ ಹಾಗಿಲ್ಲ.

ಕ್ಲಚ್ಚಿನ ವೈರನ್ನು ಕಣ್ಣಾರೆ ನೋಡಿ. ಫ್ಯಾನ್ ತಿರುಗುತ್ತದೆ, ವೈರ್ ನಿಂತಲ್ಲೇ ಇರಬೇಕು. ಅದಕ್ಕಾಗಿ ವೈರನ್ನು ಒಂದು ಕೈಯಂಥ ಪಟ್ಟಿಗೆ ಕಟ್ಟಿರುತ್ತಾರೆ. ಆ ಕ್ಲಿಪ್ ಮುರಿದರೆ ಅಥವಾ ಒಳಗಿನ ಸಣ್ಣ ಬೇರಿಂಗ್ ಹಿಡಿದುಕೊಂಡರೆ ವೈರ್ ಸುತ್ತಿಕೊಂಡು ತುಂಡಾಗುತ್ತದೆ. ಕನೆಕ್ಟರಿನ ಒಳಗೆ ಹಸಿರು ತುಕ್ಕು ಇದೆಯಾ ನೋಡಿ. ಸ್ಕ್ಯಾನರ್ ತೋರಿಸುವ ಕೋಡಿನಲ್ಲಿ ಎಸ್‌ಪಿಎನ್ (ತೊಂದರೆ ಯಾವ ಭಾಗದ್ದು ಅಂತ ಹೇಳುವ ಸಂಖ್ಯೆ) 647 ಬಂದರೆ ಅದು ಫ್ಯಾನ್ ಕ್ಲಚ್ಚಿಗೆ ಹೋಗುವ ಲೈನಿನ ತೊಂದರೆ. ಎಸ್‌ಪಿಎನ್ 1639 ಬಂದರೆ ಫ್ಯಾನ್ ವೇಗದ್ದು. ಎಸ್‌ಪಿಎನ್ 110 ಕೂಲೆಂಟ್ ಬಿಸಿಯದ್ದು. ಕೋಡ್ ಬಂತು ಅಂದರೆ ಪಾರ್ಟು ಹೋಯಿತು ಅಂತ ಅರ್ಥ ಅಲ್ಲ. ಆ ದಾರಿಯಲ್ಲಿ ಹುಡುಕಿ ಅಂತ ಅಷ್ಟೇ. ಮಲ್ಟಿಮೀಟರ್ ಹಿಡಿದು ವೈರ್ ನೋಡಿ, ಆಮೇಲೆ ಕ್ಲಚ್. ಕ್ಲಚ್ಚಿನ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ಪರೀಕ್ಷೆ ಮಾಡುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ಮಾಡಲು ಬಿಡಬೇಡಿ. ಚೆನ್ನಾಗಿದ್ದ ಕಾಯಿಲ್ ಸುಟ್ಟುಹೋಗಬಹುದು.

ಓನರ್ ಜೊತೆ ಗ್ಯಾರೇಜಿಗೆ ನೀವೂ ಹೋಗಿ. ಯಾವಾಗ ಸದ್ದು ಶುರುವಾಗುತ್ತದೆ, ಏರಿನಲ್ಲೋ ಇಳಿಜಾರಿನಲ್ಲೋ, ಎಸಿ ಹಾಕಿದಾಗಲೋ, ಇವೆಲ್ಲ ನಿಮಗಷ್ಟೇ ಗೊತ್ತು. ಮೆಕ್ಯಾನಿಕ್‌ಗೆ ಅದರಷ್ಟು ಬೆಲೆಯ ಮಾಹಿತಿ ಬೇರೆ ಇಲ್ಲ.

ಪ್ರಶ್ನೆ: ಸಾರ್, ಐಟಿಐ ಮುಗಿಸಿ ಬೊಮ್ಮಸಂದ್ರದಲ್ಲಿ ಕೆಲಸ ಕಲಿಯುತ್ತಿದ್ದೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ವಿಸ್ಕಸ್ ಫ್ಯಾನ್ ಜೋರಾಗಿ ಕೂಗಿ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಇದು ಕೆಟ್ಟ ಲಕ್ಷಣವಾ?
– ಕಲಿಕೆಯ ಮೆಕ್ಯಾನಿಕ್, ಬೊಮ್ಮಸಂದ್ರ

ಉತ್ತರ: ಅಲ್ಲಪ್ಪಾ. ರಾತ್ರಿ ನಿಂತಾಗ ಎಣ್ಣೆ ತಟ್ಟೆಗಳ ನಡುವೆ ಇಳಿದು ಕೂತಿರುತ್ತದೆ. ಎಂಜಿನ್ ತಿರುಗಿದ ಮೇಲೆ ಅದು ತನ್ನ ಕೋಣೆಗೆ ವಾಪಸ್ ಹೋಗಬೇಕು. ಅಲ್ಲಿಯವರೆಗೆ, ಒಂದೆರಡು ನಿಮಿಷ, ಫ್ಯಾನ್ ಹಿಡಿದುಕೊಂಡಿರುತ್ತದೆ. ನಿಮ್ಮ ಕಿವಿ ಇದನ್ನು ಗುರುತಿಸಿದ್ದು ಒಳ್ಳೆಯದು. ಸದ್ದು ಇಳಿಯದೇ ಇದ್ದರೆ ಆಗ ಯೋಚನೆ ಮಾಡಿ.

ಪ್ರಶ್ನೆ: ಮೇಸ್ತ್ರಿ, ನನ್ನ ಗಾಡಿಯ ಫ್ಯಾನ್ ಕ್ಲಚ್ ಹೋಗಿದೆ. ಹೊಸದಕ್ಕೆ ಸಾವಿರಗಟ್ಟಲೆ ಆಗುತ್ತದೆ. ಬೋಲ್ಟ್ ಹಾಕಿ ಫ್ಯಾನ್ ಡೈರೆಕ್ಟ್ ಮಾಡಿಕೊಡುತ್ತೇನೆ, ಮತ್ತೆ ತಲೆನೋವೇ ಇರಲ್ಲ ಅಂತ ಒಬ್ಬರು ಹೇಳುತ್ತಿದ್ದಾರೆ. ಮಾಡಿಸಲಾ? ಜೊತೆಗೆ ಥರ್ಮೋಸ್ಟಾಟ್ ಕೂಡ ಕಿತ್ತುಬಿಡೋಣ ಅಂತಾರೆ.
– ಸಾಗಣೆದಾರರು, ಯಶವಂತಪುರ

ಉತ್ತರ: ಎರಡನ್ನೂ ಮಾಡಿಸಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಫ್ಯಾನ್ ಡೈರೆಕ್ಟ್ ಮಾಡಿದರೆ ಅದು ಸದಾ ಪುಲ್ಲಿಯ ಪೂರ್ತಿ ವೇಗದಲ್ಲಿ ತಿರುಗುತ್ತದೆ. ವೇಗಕ್ಕೂ ಶಕ್ತಿಗೂ ಇರುವ ಲೆಕ್ಕ ಮೇಲಿನ ಉತ್ತರದಲ್ಲಿ ಬರೆದಿದ್ದೇನೆ. ಕ್ಲಚ್ಚಿನಲ್ಲಿ ಉಳಿಸಿದ ದುಡ್ಡು ಡೀಸೆಲ್ ಬಂಕಿನಲ್ಲಿ ಹೋಗುತ್ತದೆ. ಅದು ಹೋಗಲಿ ಅಂದರೂ, ನನಗೆ ಹೆಚ್ಚು ಭಯ ಇರುವುದು ಬ್ಲೇಡಿನದು. ವಿಸ್ಕಸ್ ಕ್ಲಚ್ ಎಂಜಿನ್ ಮೇಲಿನ ವೇಗಕ್ಕೆ ಹೋದಾಗ ಸ್ವಲ್ಪ ಜಾರಿಕೊಂಡು ಫ್ಯಾನನ್ನು ಕಾಪಾಡುತ್ತದೆ. ಬೋಲ್ಟ್ ಹಾಕಿದ ಮೇಲೆ ಆ ಜಾರು ಇಲ್ಲ. ಗೇರ್ ಇಳಿಸಿದಾಗ ಎಂಜಿನ್ ಏಕಾಏಕಿ ಏರಿದರೆ ಆ ಹೊಡೆತ ಪೂರ್ತಿ ಬ್ಲೇಡಿಗೆ, ಬೆಲ್ಟಿಗೆ, ಬೇರಿಂಗಿಗೆ ಬೀಳುತ್ತದೆ. ಬ್ಲೇಡ್ ಮುರಿದರೆ ರೇಡಿಯೇಟರ್ ಸೀಳುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಅವರ ಜೀವಕ್ಕೇ ಅಪಾಯ. ಇನ್ನು ಗುಂಡಿ ಕೊರೆದು ಬೋಲ್ಟ್ ಹಾಕಿದರೆ ಬ್ಯಾಲೆನ್ಸ್ ಕೂಡ ತಪ್ಪುತ್ತದೆ.

ದಾರಿಯಲ್ಲಿ ಸಿಕ್ಕಿಕೊಂಡಾಗ ಮಾತ್ರ ಒಂದು ಅವಕಾಶ ಇದೆ. ಕೆಲವು ಕ್ಲಚ್‌ಗಳಲ್ಲಿ ತಯಾರಕರೇ ಲಾಕ್ ಮಾಡುವ ಬೋಲ್ಟಿಗೆ ಜಾಗ ಕೊಟ್ಟಿರುತ್ತಾರೆ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಕ್ಲಚ್‌ಗಳಲ್ಲಿ ಇದು ಹೆಚ್ಚು. ಅದನ್ನು ಬಿಗಿದು, ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಬಂದು ರಿಪೇರಿ ಮಾಡಿಸಬೇಕು. ಅದು ಮನೆ ಮುಟ್ಟಲು ಇರುವ ದಾರಿ, ವರ್ಷಗಟ್ಟಲೆ ಓಡಿಸಲು ಅಲ್ಲ.

ಥರ್ಮೋಸ್ಟಾಟ್ ಕಿತ್ತರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮೈಲೇಜ್ ಬೀಳುತ್ತದೆ, ಪಿಸ್ಟನ್ ಓಡಾಡುವ ಲೈನರ್ ಬೇಗ ಸವೆಯುತ್ತದೆ. ಬಿಎಸ್-6 ಗಾಡಿಯಾದರೆ ಸೈಲೆನ್ಸರಿನ ಹೊಗೆ ಶುದ್ಧ ಮಾಡುವ ವ್ಯವಸ್ಥೆಯೂ ಕೆಡುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ, ನೀರು ರೇಡಿಯೇಟರ್ ಬಿಟ್ಟು ಸುತ್ತುವ ಬೈಪಾಸ್ ದಾರಿಯನ್ನು ಅದೇ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ತೆರೆದೇ ಇರುತ್ತದೆ. ಸಾಕಷ್ಟು ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಲೋಡ್ ಎಳೆಯುವಾಗ ಹೀಟ್ ಇನ್ನೂ ಜಾಸ್ತಿ ಆಗುತ್ತದೆ.

ಪ್ರಶ್ನೆ: ನಮಸ್ತೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಎರಡು ಟಿಪ್ಪರ್‌ಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಒಂದರ ವಾಟರ್ ಪಂಪ್ ಸೋರುತ್ತಿತ್ತು, ಬದಲಿಸಿದರು. ಅವತ್ತಿನಿಂದ ಹೀಟ್ ಶುರುವಾಗಿದೆ. ಮೊದಲು ಒಂದು ದಿನವೂ ಇರಲಿಲ್ಲ. ಈಗ ಎಂಜಿನ್ ಕೆಲಸ ಬರುತ್ತದೆ ಅಂತ ಹೆದರಿಸುತ್ತಿದ್ದಾರೆ.
– ಟಿಪ್ಪರ್ ಮಾಲೀಕರು, ಹೊಸಕೋಟೆ

ಉತ್ತರ: ಹೆದರಬೇಡಿ ಅಮ್ಮಾ. ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡಬೇಡಿ. ರಿಪೇರಿ ಆದ ದಿನದಿಂದಲೇ ಬಂದ ತೊಂದರೆಗೆ ಕಾರಣವನ್ನು ಮೊದಲು ಆ ರಿಪೇರಿಯಲ್ಲೇ ಹುಡುಕಬೇಕು.

ಪಂಪ್ ಬದಲಿಸುವಾಗ ಫ್ಯಾನ್ ಬಿಚ್ಚಿರುತ್ತಾರೆ. ಕೆಲವು ಫ್ಯಾನ್‌ಗಳು ಹಿಂದು ಮುಂದಾಗಿಯೂ ಕೂರುತ್ತವೆ. ಹಾಗೆ ಕೂತರೆ ತಿರುಗುತ್ತದೆ, ಸದ್ದೂ ಬರುತ್ತದೆ, ಆದರೆ ಗಾಳಿ ಎಳೆಯುವುದು ತುಂಬಾ ಕಡಿಮೆ. ನೀವೇ ಪರೀಕ್ಷೆ ಮಾಡಿಸಬಹುದು. ಎಂಜಿನ್ ಬಿಸಿಯಾಗಿ ಫ್ಯಾನ್ ಹಿಡಿದಾಗ, ಗಾಡಿಯ ಮುಂದೆ ನಿಂತು ಜಾಲರಿಗೆ ಒಂದು ಹಾಳೆ ನ್ಯೂಸ್ ಪೇಪರ್ ಒಡ್ಡಿ. ಹ್ಯಾಂಡ್ ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ, ಗೇರ್ ನ್ಯೂಟ್ರಲಿನಲ್ಲಿರಲಿ. ಪೇಪರ್ ಜಾಲರಿಗೆ ಗಟ್ಟಿಯಾಗಿ ಅಂಟಿಕೊಳ್ಳಬೇಕು. ಕೆಳಗೆ ಬಿದ್ದರೆ ಅಥವಾ ಹೊರಕ್ಕೆ ಹಾರಿದರೆ ಫ್ಯಾನ್ ಬಿಚ್ಚಿ ನೋಡಲೇಬೇಕು. ಅದರ ಮೇಲೆ ಯಾವ ಮುಖ ಎಂಜಿನ್ ಕಡೆಗೆ ಅಂತ ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ.

ಎರಡನೆಯದು, ಫ್ಯಾನ್ ಸುತ್ತ ಇರುವ ಶ್ರೌಡ್. ಪ್ಲಾಸ್ಟಿಕ್ಕಿನ ದೊಡ್ಡ ಬಳೆ, ನೋಡಿರುತ್ತೀರಿ. ಕೆಲಸ ಬೇಗ ಮುಗಿಸಲು ಅದನ್ನು ಸರಿಯಾಗಿ ಕೂರಿಸದೆ, ರಬ್ಬರ್ ಪಟ್ಟಿ ಬಿಟ್ಟು ಕಳಿಸುತ್ತಾರೆ. ಆಗ ಫ್ಯಾನ್ ರೇಡಿಯೇಟರಿನಿಂದ ಗಾಳಿ ಎಳೆಯುವ ಬದಲು ಎಂಜಿನ್ನಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಪಕ್ಕದಿಂದ ನೋಡಿದಾಗ ಬ್ಲೇಡಿನ ಅಗಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಬಳೆಯ ಒಳಗೆ ಇರಬೇಕು.

ಮೂರನೆಯದು, ಕೂಲೆಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ನಿಧಾನವಾಗಿ ತುಂಬಿಸಿ, ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಬೇಕು. ಕ್ಲಚ್ಚನ್ನು ಬಿಚ್ಚಿದಾಗ ನೆಲದ ಮೇಲೆ ಮಲಗಿಸಿಟ್ಟಿದ್ದರಾ ಅಂತಲೂ ಕೇಳಿ. ವಿಸ್ಕಸ್ ಕ್ಲಚ್ಚನ್ನು ಗಾಡಿಯಲ್ಲಿ ಹೇಗಿರುತ್ತದೋ ಹಾಗೆ ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ಎಣ್ಣೆ ಜಾಗ ಬಿಟ್ಟು ಸೋರುತ್ತದೆ. ಈ ನಾಲ್ಕನ್ನೂ ಕೇಳಿದರೆ, ಕೇಳುವವರಿಗೆ ವಿಷಯ ಗೊತ್ತಿದೆ ಅಂತ ಎದುರಿನವರಿಗೂ ತಿಳಿಯುತ್ತದೆ.

ಪ್ರಶ್ನೆ: ಮಂಗಳೂರಿನಿಂದ ಬೆಂಗಳೂರಿಗೆ ಲೋಡ್ ತರುತ್ತೇನೆ. ಶಿರಾಡಿ ಘಾಟಿ ಹತ್ತುವಾಗ ಮಾತ್ರ ಹೀಟ್. ಫ್ಯಾನ್ ಪೂರ್ತಿ ಹಿಡಿಯುತ್ತದೆ, ಸದ್ದು ಚೆನ್ನಾಗಿ ಕೇಳುತ್ತದೆ. ಆದರೂ ಯಾಕೆ?
– ಚಾಲಕರು, ನೆಲಮಂಗಲ

ಉತ್ತರ: ಫ್ಯಾನ್ ತನ್ನ ಕೆಲಸ ಮಾಡುತ್ತಿದೆ. ನೀರಿನ ದಾರಿ ನೋಡಿಸಿ. ಮೊದಲು ಕೂಲೆಂಟ್ ತುಂಬುವ ಬಾಯಿಯ ಮುಚ್ಚಳ, ಅಂದರೆ ಕ್ಯಾಪ್. ಬೆಂಗಳೂರು ಸಮುದ್ರಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಘಾಟಿಯ ತುದಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಕ್ಯಾಪ್ 1 ಬಾರ್ ಒತ್ತಡ ಹಿಡಿದರೆ ಬರೀ ನೀರು ಕೂಡ 118 ಡಿಗ್ರಿ ಹತ್ತಿರ ಬರುವವರೆಗೆ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಒಡೆದಿದ್ದರೆ ಈ ಅಷ್ಟೂ ರಕ್ಷಣೆ ಹೋಯಿತು. ಆಮೇಲೆ ರೇಡಿಯೇಟರಿನ ಒಳಗೆ ಕಟ್ಟಿರುವುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರುವುದು, ಪಂಪಿನ ರೆಕ್ಕೆ ಸವೆದಿರುವುದು. ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಪರೀಕ್ಷೆ ಮಾಡಿಸಿ.

ಗುಂಡ್ಯ ದಾಟಿ ಏರು ಶುರುವಾದ ಕೂಡಲೇ ಒಂದು ಗೇರ್ ಕೆಳಗೆ ಬನ್ನಿ. ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಉಸಿರುಕಟ್ಟಿಸಿ ಎಳೆದರೆ ಪಂಪೂ ಫ್ಯಾನೂ ನಿಧಾನ ತಿರುಗುತ್ತವೆ, ಬಿಸಿ ಮಾತ್ರ ಪೂರ್ತಿ ಹುಟ್ಟುತ್ತದೆ. ಮುಳ್ಳು ಏರಿದರೆ ಬದಿಗೆ ಹಾಕಿ. ಕೂಲೆಂಟ್ ಸೋರಿಲ್ಲದಿದ್ದರೆ ಕೂಡಲೇ ಆಫ್ ಮಾಡಬೇಡಿ, ನಾಲ್ಕೈದು ನಿಮಿಷ ಸ್ವಲ್ಪ ರೇಸಿನಲ್ಲಿ ಓಡಲಿ. ಸೋರಿದ್ದರೆ ತಕ್ಷಣ ಆಫ್. ಕ್ಯಾಪಿಗೆ ಮಾತ್ರ ಕೈ ಹಾಕಬೇಡಿ. ಕೈ, ಮುಖ ಸುಟ್ಟುಕೊಂಡ ಹುಡುಗರನ್ನು ನೋಡಿದ್ದೇನೆ. ಬರಿಗೈ ಇಟ್ಟರೆ ತಡೆಯುವಷ್ಟು ತಣ್ಣಗಾಗುವವರೆಗೆ ಕಾಯಿರಿ.

ಪ್ರಶ್ನೆ: ಫ್ಯಾನ್ ಬ್ಲೇಡಿನ ಬುಡದಲ್ಲಿ ಸಣ್ಣ ಬಿರುಕು ಬಂದಿದೆ. ವೆಲ್ಡಿಂಗ್ ಅಥವಾ ಅಂಟು ಹಾಕಿ ಓಡಿಸಬಹುದಾ?
– ಮೆಕ್ಯಾನಿಕ್, ಕಲಾಸಿಪಾಳ್ಯ

ಉತ್ತರ: ಬೇಡ. ಗಾಡಿಯನ್ನು ಇವತ್ತೇ ನಿಲ್ಲಿಸಿ, ಫ್ಯಾನ್ ಬದಲಿಸಿ. ಬಿರುಕು ಯಾಕೆ ಬಂತು ಅಂತಲೂ ನೋಡಿ. ಕ್ಲಚ್ಚಿನ ಬೇರಿಂಗ್ ಸವೆದು ನಡುಗುತ್ತಿದೆಯಾ, ಎಂಜಿನ್ ಮೌಂಟಿಂಗ್ ಕುಸಿದು ಬ್ಲೇಡ್ ಶ್ರೌಡಿಗೆ ತಾಗುತ್ತಿದೆಯಾ. ಶ್ರೌಡಿನ ಒಳಮೈಯಲ್ಲಿ ಉಜ್ಜಿದ ಗುರುತು ಇದ್ದರೆ ಮೌಂಟಿಂಗ್ ರಬ್ಬರನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಫ್ಯಾನಿಗೂ ಅದೇ ಬುಡದಲ್ಲಿ ಬಿರುಕು ಬರುತ್ತದೆ.